ಅಕ್ಕನ ಊರಿನಲ್ಲಿ ಗೂಬೆ ಇಲ್ಲ

ನನ್ನ ಅಕ್ಕ ದಿನಾ ಸಂಜೆ ಒಂದು ಗೂಬೆಯನ್ನು ಬೈಯುತ್ತಾಳೆ. ಮನೆಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ, ಎಂಥ ಸುಗ್ಗಿಯ ಗಡಿಬಿಡಿ ಇದ್ದರೂ ಈ ಕೆಲಸ ಮಾತ್ರ ತಪ್ಪಿದ್ದಿಲ್ಲ.

ಅವಳ ಮನೆ ಇರುವುದು ಕಟಕೋಳದಾಚೆಯ ಒಂದು ಹಳ್ಳಿಯಲ್ಲಿ, ಗುಡ್ಡದ ಬುಡಕ್ಕೆ. ಮನೆಯ ಹಿಂದೆ ಅವರದೇ ಕಡಲೆಯ ಹೊಲ, ಹೊಲ ಮುಗಿದಲ್ಲಿ ಗುಡ್ಡ, ಗುಡ್ಡದ ಈ ಮಗ್ಗುಲಿಗೆ ಗೋಡೆ ಕಟ್ಟಿದಂತೆ ನೆಟ್ಟಗೆ ನಿಂತ ಬಂಡೆ. ದೀಪ ಹಚ್ಚುವ ಹೊತ್ತಿಗೆ ಆ ಬಂಡೆಯ ಕಡೆಯಿಂದ ದಪ್ಪ ಗಂಟಲಿನ ‘ಬೂ... ಬೂ’ ಕೇಳಿಬರುತ್ತದೆ. ಅಕ್ಕನ ಮನೆಗೆ ಗ್ಯಾಸು ಬಂದು ಎಷ್ಟೋ ವರ್ಷವಾಯಿತು, ಆದರೆ ರೊಟ್ಟಿ ಮಾತ್ರ ಇವತ್ತಿಗೂ ಕಟ್ಟಿಗೆ ಒಲೆಯ ಮೇಲೆಯೇ. ದನಿ ಕೇಳಿದ್ದೇ ತಡ, ಬಡಿಯುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ಒಂದು ಚಿಟಿಕೆ ಉಪ್ಪು ತೆಗೆದು ಬೆಂಕಿಗೆ ಎಸೆಯುತ್ತಾಳೆ. ಉಪ್ಪು ಚಟಪಟ ಅನ್ನುತ್ತದೆ. “ಹೋಗ, ನಿಮ್ಮಪ್ಪನ ಮನಿಗೆ ಹೋಗ!” ಅಂತ ಗುಡ್ಡದ ಕಡೆ ಮುಖ ಮಾಡಿ ಗದರಿಸಿ, ಮತ್ತೆ ರೊಟ್ಟಿಗೆ ಕೂರುತ್ತಾಳೆ. ಅದು ಎಲ್ಲಿಗೂ ಹೋಗುವುದಿಲ್ಲ. ಮರುದಿನ ಇಬ್ಬರೂ ತಂತಮ್ಮ ಜಾಗದಲ್ಲಿ ಹಾಜರಿರುತ್ತಾರೆ.

ಅದರ ಹೆಸರನ್ನು ಮಾತ್ರ ಅಕ್ಕ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಕರೆದ ಹಾಗೆ, ಕರೆದರೆ ಬಂದು ಮಾಳಿಗೆಯ ಮೇಲೆ ಕೂತುಬಿಡುತ್ತದೆ, ಅದು ಕೂತ ಮನೆಗೆ ಹೆಣ್ಣು ಕೊಡುವವರಿಲ್ಲ, ಆ ಮನೆಯ ಹೆಣ್ಣು ತರುವವರೂ ಇಲ್ಲ. ಇದು ಅಕ್ಕನೊಬ್ಬಳ ತಿಳಿವಳಿಕೆಯಲ್ಲ, ಇಡೀ ಊರಿನದು. ಎಲ್ಲರಿಗೂ ಅದು ‘ಅದು’. ತೀರಾ ಬಿಡಿಸಿ ಹೇಳಬೇಕಾದರೆ ‘ದೊಡ್ಡ ಕಣ್ಣಿಂದು’.

ನಾನು ಬೈಲಹೊಂಗಲದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಗೂಬೆ ರೈತನ ಮಿತ್ರ, ಇಲಿಗಳ ಶತ್ರು ಅಂತ ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ. ಹುಡುಗರು ಅದನ್ನು ಪರೀಕ್ಷೆಯಲ್ಲಿ ಒಂದು ಅಕ್ಷರ ತಪ್ಪದೆ ಬರೆದು ಪೂರ್ತಿ ಅಂಕ ತೆಗೆದುಕೊಳ್ಳುತ್ತಾರೆ. ಆಮೇಲೆ ಮನೆಗೆ ಹೋಗಿ, ದನಿ ಕೇಳಿದರೆ ಥೂ ಥೂ ಅಂತ ಉಗುಳುತ್ತಾರೆ. ನನ್ನ ಇಷ್ಟು ವರ್ಷದ ಪಾಠದಿಂದ ನಾಡಿಗಾದ ಉಪಕಾರ ಇದು.

ಗುಡ್ಡದ ಆಚೆ ಮಗ್ಗುಲಿಗೆ ಮೊದಲಿನಿಂದಲೂ ಒಂದು ಕಲ್ಲಿನ ಖಣಿ ಇತ್ತು, ಪಕ್ಕದಲ್ಲೇ ಕಲ್ಲು ಒಡೆಯುವ ಖಡಿ ಮಷೀನು. ಆ ಮಗ್ಗುಲಿನ ಕಲ್ಲು ಮುಗಿಯುತ್ತ ಬಂದದ್ದರಿಂದ ಮಾಲೀಕರ ಕಣ್ಣು ಈಚೆಯ ಬಂಡೆಗೋಡೆಯ ಮೇಲೆ ಬಿತ್ತು. ಹಾಗೆ ಸುಮ್ಮನೆ ಬಂದು ಒಡೆಯುವಂತಿಲ್ಲ. ಗಣಿಗಾರಿಕೆಯಿಂದ ಕಾಡುಪ್ರಾಣಿಗಳಿಗೆ ಏನು ತೊಂದರೆ, ಆ ತೊಂದರೆಯನ್ನು ಕಡಿಮೆ ಮಾಡುವುದು ಹೇಗೆ ಅಂತ ಒಂದು ವರದಿ ಆಗಬೇಕು. ಅದಕ್ಕಾಗಿ ಒಂದು ವರದಿ ಕಂಪನಿಯವನು ಹೋದ ಬೇಸಿಗೆಯಲ್ಲಿ ಬೊಲೆರೊ ಹತ್ತಿಕೊಂಡು ಅಕ್ಕನ ಊರಿಗೆ ಬಂದಿದ್ದ.

ಬಂದದ್ದು ನಡುಮಧ್ಯಾಹ್ನ. ರಾಮದುರ್ಗದ ಕಡೆಯ ಬಿಸಿಲು ಗೊತ್ತಿದ್ದವರಿಗೆ ಆ ಹೊತ್ತಿನಲ್ಲಿ ಗುಡ್ಡದ ಮೇಲೆ ಯಾವ ಪ್ರಾಣಿ ಸಿಕ್ಕೀತು ಅನ್ನುವುದೂ ಗೊತ್ತು. ಅವನು ಗುಡ್ಡ ಹತ್ತುವ ತ್ರಾಸನ್ನೇ ತೆಗೆದುಕೊಳ್ಳಲಿಲ್ಲ. ಚಹಾದಂಗಡಿಯ ನೆರಳಿಗೆ ಕೂತು, ಅಲ್ಲಿದ್ದವರನ್ನು “ನಿಮ್ಮ ಊರಲ್ಲಿ ಯಾವ ಯಾವ ಪ್ರಾಣಿ ಇವೆ?” ಅಂತ ಕೇಳಿದ. ಇದೊಂದೇ ಅವನು ಮಾಡಿದ ವನ್ಯಜೀವಿ ಸಮೀಕ್ಷೆ.

ಹೊರಗಿನ ಮನುಷ್ಯ ಬಂದು ಊರಿನ ವಿಚಾರ ಕೇಳಿದಾಗ ಊರಿಗೆ ಶೋಭೆ ತರುವಂಥದ್ದನ್ನೇ ಹೇಳಬೇಕಲ್ಲ? ನವಿಲು ಅಂದರು. ಚಿಗರಿ ಅಂದರು. ಯಾರದೋ ಮುತ್ತಜ್ಜ ಕಂಡಿದ್ದನಂತೆ ಅಂತ ಹುಲಿಯನ್ನೂ ಸೇರಿಸಿದರು. ತೋಳ ಕುರಿ ಹೊತ್ತೊಯ್ಯುವ ಕೆಟ್ಟ ಪ್ರಾಣಿ, ಹೇಳಲಿಲ್ಲ. ನರಿ, ಮುಳ್ಳುಹಂದಿ, ಉಡ ಇವೆಲ್ಲ ಲೆಕ್ಕಕ್ಕೆ ಬರುವಂಥವೇ ಅಲ್ಲ. ಇನ್ನು ‘ಅದು’? ಅದು ಲಗ್ನದ ಸೀಸನ್ನು. ಅಂಗಡಿಯ ಮುಂದೆ ಕೂತ ಒಬ್ಬೊಬ್ಬರ ಮನೆಯಲ್ಲೂ ಲಗ್ನಕ್ಕೆ ಬಂದ ಒಂದು ಹುಡುಗಿಯೋ ಹುಡುಗನೋ ಇದ್ದರು. ಗೂಬೆಯ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಚಳಿಗಾಲದಲ್ಲಿ ವರದಿಯ ಕನ್ನಡ ಸಾರಾಂಶ ಪಂಚಾಯ್ತಿಗೆ ಬಂತು. ಅಕ್ಕನ ಗಂಡ, ನಾನು ಮಾಮಾ ಅನ್ನುವುದು ಅವರಿಗೆ, ಒಂದು ಪ್ರತಿ ತಂದಿಟ್ಟಿದ್ದರು. ರಜೆಗೆಂದು ಹೋದವಳು ಅಂಗಳದಲ್ಲಿ ಹಸಿ ಕಡಲೆ ಸುಲಿದು ತಿನ್ನುತ್ತ ಓದತೊಡಗಿದೆ. ಎರಡನೇ ಪುಟಕ್ಕೇ ಕಡಲೆ ಗಂಟಲಿಗೆ ಸಿಕ್ಕಿತು. ಕಲ್ಲಿದ್ದಲಿನ ಧೂಳು ಮರದ ಎಲೆಗಳ ಮೇಲೆ ಕೂರದಂತೆ ದಾರಿಗೆ ನೀರು ಹೊಡೆಯಬೇಕಂತೆ. ಕಲ್ಲಿದ್ದಲಿನ ರಾಶಿಗೆ ತಾನೇ ಬೆಂಕಿ ಹತ್ತದಂತೆ ನೋಡಿಕೊಳ್ಳಬೇಕಂತೆ. ಆನೆಗಳು ಈ ಕಾಡಿನಿಂದ ಆ ಕಾಡಿಗೆ ದಾಟುವುದಕ್ಕೆ ಗಣಿಯ ರಸ್ತೆಯ ಕೆಳಗೆ ದೊಡ್ಡ ದಾರಿ ಬಿಡಬೇಕಂತೆ!

“ಮಾಮಾ, ನಿಮ್ಮ ಗುಡ್ಡದಾಗ ಇದ್ದಲಿ ಐತೇನ್ರಿ?” ಅಂದೆ.

“ಹಂಗಂತ ಬರದಾರವಾ,” ಅಂದರು ಮಾಮಾ, ಗಂಭೀರವಾಗಿ. “ಊರಾಗೆಲ್ಲಾ ಅದ ಮಾತ. ಇಷ್ಟ ವರ್ಷ ನಮಗ ಗೊತ್ತಾಗಿಲ್ಲ ನೋಡ.”

ಎಲ್ಲೋ ದೂರದ ಕಾಡಿನ ಕಲ್ಲಿದ್ದಲು ಗಣಿಗೆ ಯಾರೋ ಬರೆದ ವರದಿಯನ್ನು ಎತ್ತಿ, ಊರಿನ ಹೆಸರು ಬದಲಾಯಿಸಿ, ಕಟಕೋಳದ ಕಡೆಯ ಖಡಿ ಮಷೀನಿಗೆ ಅಂಟಿಸಿದ್ದರು. ಊರ ಹೆಸರು ಬದಲಾಯಿಸಿದ ಪುಣ್ಯಾತ್ಮನಿಗೆ ಆನೆ ಬದಲಾಯಿಸುವಷ್ಟು ಪುರುಸೊತ್ತು ಸಿಗಲಿಲ್ಲ. ಸಿಟ್ಟು ನೆತ್ತಿಗೇರಿತು. ಆದರೂ ಓದುತ್ತ ಹೋದೆ, ಯಾಕೆಂದರೆ ಆ ಮೂಲ ವರದಿ ಬರೆದವರ ಮೇಲೆ ನನಗೆ ನಿಜಕ್ಕೂ ಗೌರವ ಹುಟ್ಟುತ್ತಿತ್ತು. ರಾತ್ರಿ ದೀಪದ ಬೆಳಕು ಕಾಡಿನ ಕಡೆ ಹೋಗದಂತೆ ಕೆಳಮುಖ ಮಾಡಬೇಕು. ಬಿಟ್ಟುಹೋದ ಗುಂಡಿಗಳ ದಂಡೆಯನ್ನು ಇಳಿಜಾರು ಮಾಡಬೇಕು, ನೀರು ಕುಡಿಯಲು ಇಳಿದ ಪ್ರಾಣಿ ಮೇಲೆ ಹತ್ತಿ ಬರುವಂತಿರಬೇಕು. ಮೇಲ್ಮಣ್ಣನ್ನು ತೆಗೆದು ಬೇರೆ ಇಟ್ಟು, ಗಣಿ ಮುಗಿದ ಮೇಲೆ ಅದನ್ನೇ ಹರಡಿ ಅದೇ ಕಾಡಿನ ಗಿಡ ಹಚ್ಚಬೇಕು. ಆ ಮನುಷ್ಯ ಯಾರೋ, ಗಂಡಸೋ ಹೆಂಗಸೋ, ಬಿಸಿಲಲ್ಲಿ ನಡೆದು, ಕಣ್ಣಿಂದ ನೋಡಿ ಬರೆದದ್ದು ಅದು. ಅಲ್ಲಿಯೇ ನಡುವೆ ಒಂದು ಕಲಮು ಸಿಕ್ಕಿತು. ಬಂಡೆಯಲ್ಲಿ ಗೂಡು ಮಾಡುವ ದೊಡ್ಡ ಬೇಟೆಹಕ್ಕಿ ಇದ್ದಲ್ಲಿ, ಮರಿಗಳು ಹಾರಿಹೋಗುವವರೆಗೆ ಆ ಬದಿಗೆ ಸ್ಫೋಟ ಮಾಡಬಾರದು. ಆ ಬಂಡೆಗೋಡೆಯನ್ನು ಮುಂದೆಯೂ ಒಡೆಯದೆ ಹಾಗೇ ಬಿಡಬೇಕು.

ನಾನು ಎದ್ದು ನಿಂತೆ. ಅವತ್ತು ಬೆಳಿಗ್ಗೆಯೇ ದುರ್ಬೀನು ಹಿಡಿದು ಹೊಲದ ಬದುವಿನಿಂದ ಬಂಡೆಯನ್ನು ನೋಡಿ ಬಂದಿದ್ದೆ. ನಡುಗೋಡೆಯ ಒಂದು ಚಾಚುಗಲ್ಲಿನ ಮೇಲೆ ತಾಯಿಗೂಬೆ ಕಣ್ಣು ಅರ್ಧ ಮುಚ್ಚಿ ಕೂತಿತ್ತು, ಕಿವಿಯ ಮೇಲಿನ ಗರಿ ಎರಡು ಕೊಂಬಿನಂತೆ ನೆಟ್ಟಗಿದ್ದವು. ಹೊಟ್ಟೆಯ ಕೆಳಗೆ ಬೂದುಬಣ್ಣದ ಹತ್ತಿಯ ಉಂಡೆಗಳಂಥ ಎರಡು ಮರಿ. ಅವುಗಳನ್ನು ಉಳಿಸುವ ಕಲಮು ಆ ಕಳ್ಳ ವರದಿಯಲ್ಲೇ ಕೂತಿತ್ತು. ವರದಿ ಕಂಪನಿಯವನು ಒಮ್ಮೆ ಓದಿದ್ದರೂ ತೆಗೆದುಹಾಕುತ್ತಿದ್ದ. ಅವನ ಸೋಮಾರಿತನಕ್ಕೆ ಕೈಮುಗಿದೆ.

ಆದರೆ ವರದಿಯ ಕೊನೆಗಿದ್ದ ಪ್ರಾಣಿಗಳ ಪಟ್ಟಿಯಲ್ಲಿ ನವಿಲಿತ್ತು, ಚಿಗರಿ ಇತ್ತು, ಹುಲಿ ಇತ್ತು. ಗೂಬೆ ಇರಲಿಲ್ಲ. ಗೂಬೆ ಇಲ್ಲದ ಮೇಲೆ ಆ ಕಲಮು ಇದ್ದೂ ಇಲ್ಲದ ಹಾಗೆ. ಶಿವರಾತ್ರಿಗೆ ಮುಂಚೆ ಊರಲ್ಲಿ ಸಾರ್ವಜನಿಕ ಅಹವಾಲು ಸಭೆ ಇತ್ತು. ಅಲ್ಲಿ ಊರಿನವರೇ ಯಾರಾದರೂ ಎದ್ದು ಗೂಡು ಇದೆ ಅಂತ ಹೇಳಬೇಕಿತ್ತು. ಗೂಡಿಗೆ ಎದುರಿಗಿರುವುದು ಅಕ್ಕನ ಹೊಲ. ಹೇಳಬೇಕಾದವಳು ಅಕ್ಕ.

“ನೀ ಹೇಳ. ನೀ ಕಲ್ತಾಕಿ,” ಅಂದಳು ಅಕ್ಕ.

“ನಾ ಬೈಲಹೊಂಗಲದಾಕಿ. ನನ್ನ ಮಾತ ಯಾರ ಕೇಳತಾರ ಅಕ್ಕಾ? ಹೊಲ ನಿಂದು.”

ಅವಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ದನಿ ಇಳಿಸಿದಳು. “ಸಂಪಗಾಂವದವರು ಇನ್ನೂ ಮಾತ ತಿಳಿಸಿಲ್ಲ. ಈ ಮನಿ ಹಿಂದ ಅದು ಕೂಗತೈತಿ ಅಂತ ಅವರ ಕಿವಿಗೆ ಬಿತ್ತಂದ್ರ ಮುಗೀತ. ನಿನ್ನ ಕೈ ಮುಗೀತೇನಿ, ಸುಮ್ನ ಕುಂದರ.”

ಸಂಪಗಾಂವದವರು ಅಂದರೆ ಅಕ್ಕನ ಮಗಳನ್ನು ನೋಡಿ ಹೋಗಿದ್ದ ಗಂಡಿನ ಕಡೆಯವರು. ಒಳ್ಳೆಯ ಮನೆತನ, ಹುಡುಗನಿಗೆ ಬೈಲಹೊಂಗಲದಲ್ಲಿ ಗೊಬ್ಬರ-ಬೀಜದ ಅಂಗಡಿ. ಅವರು ಕನ್ಯೆ ನೋಡಲು ಬಂದ ದಿನ ಅಕ್ಕ ಎಲ್ಲವನ್ನೂ ಮಧ್ಯಾಹ್ನವೇ ಮುಗಿಸಿ, ಹೊತ್ತು ಮುಳುಗುವ ಮುಂಚೆ “ಬಸ್ಸ ತಪ್ಪತೈತ್ರಿ, ಹೊಂಡ್ರಿ” ಅಂತ ಅವಸರ ಮಾಡಿ ಕಳಿಸಿದ್ದಳು. ಅವರು ಬಂದಿದ್ದು ತಮ್ಮದೇ ಕಾರಿನಲ್ಲಿ. ಹುಡುಗಿಗೂ ಹುಡುಗ ಹಿಡಿಸಿದ್ದ. ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡು ಹಿತ್ತಲಲ್ಲಿ ನಿಂತು ಫೋನಿನಲ್ಲಿ ನಗುತ್ತಿದ್ದಳು. ಅವಳ ಮುಖ ನೋಡಿದ ಮೇಲೆ ಅಕ್ಕನನ್ನು ಒತ್ತಾಯ ಮಾಡಲು ನನಗೂ ಬಾಯಿ ಬರಲಿಲ್ಲ. ಅದರ ಮೇಲೆ, ಹುಡುಗನ ಸೋದರಮಾವನ ಟಿಪ್ಪರುಗಳು ಇದೇ ಖಡಿ ಮಷೀನಿಗೆ ಓಡುತ್ತಿದ್ದವು. ಅವರು ಸಭೆಗೆ ಬರುವುದು ಖಾತ್ರಿಯಿತ್ತು.

ಸಭೆ ನಡೆದದ್ದು ಸಾಲೆಯ ಅಂಗಳದಲ್ಲಿ. ಶಾಮಿಯಾನ, ಮೈಕು, ಮಾಲೀಕರ ಕಡೆಯಿಂದ ಉಪ್ಪಿಟ್ಟು ಶಿರಾ. ಮೈಸೂರು ಕಡೆಯ ಒಬ್ಬ ಅಧಿಕಾರಿ ಅಧ್ಯಕ್ಷತೆ ವಹಿಸಿದ್ದರು, ಬಿಸಿಲಿಗೆ ಪಾಪ ಕೆಂಪಾಗಿದ್ದರು. ಪಕ್ಕದಲ್ಲಿ ವರದಿ ಕಂಪನಿಯವನು. ಮುಂದಿನ ಸಾಲಿನಲ್ಲಿ ಸೋದರಮಾವ, ಕೈಯಲ್ಲಿ ಶಿರಾದ ತಟ್ಟೆ.

ಮೊದಲು ಎದ್ದವರು ಒಬ್ಬ ಹಿರಿಯರು. “ಸಾಹೇಬ್ರ, ಇದ್ದಲಿ ತಗದ ಮ್ಯಾಲ ಊರಿಗೆ ಎಷ್ಟ ಕೊಡ್ತೀರಿ ಮೊದಲ ಹೇಳ್ರಿ. ಇಲ್ಲಿ ಒಲಿ ಹಚ್ಚಾವ್ರು ನಾವು.”

ಅಧಿಕಾರಿಗಳು ವರದಿ ತಿರುವಿದರು. ಮತ್ತೆ ತಿರುವಿದರು. “ಇದು ಕಲ್ಲಿನ ಕ್ವಾರಿ ಅಲ್ವೇನ್ರೀ?” ಅಂತ ಪಕ್ಕದವನನ್ನು ಕೇಳಿದರು. ಮುದ್ರಣದಲ್ಲಿ ಆದ ಸಣ್ಣ ತಾಂತ್ರಿಕ ದೋಷ ಸರ್ ಅಂದ ಅವನು. ಇದ್ದಲು ಹೋಯಿತು ಅಂತ ಶಾಮಿಯಾನದ ತುಂಬ ಒಂದು ನಿಟ್ಟುಸಿರು ಎದ್ದಿತು.

“ಹಂಗಾರ ಆನಿ?” ಇನ್ನೊಬ್ಬರು ಎದ್ದರು. “ಆನಿ ದಾಟಾಕ ರಸ್ತಾದ ಬುಡಕ ದಾರಿ ಮಾಡ್ತೇವಿ ಅಂತ ಬರದೀರಿ.”

“ಆನೆ ಇಲ್ಲಿ ಇಲ್ವಲ್ಲಪ್ಪ.”

“ಆನಿ ಇಲ್ದಿದ್ರ ಏನಾತ್ರಿ, ದಾರಿ ಇರಲಿ. ನಮ್ಮ ಎಮ್ಮಿ ದಾಟತಾವ. ಟಿಪ್ಪರ್ ಓಡ್ಯಾಟದಾಗ ದನಾ ಹೊಡಕೊಂಡ ಹೋಗೂದ ಬಾಳ ತ್ರಾಸ ಆಗೇತಿ.”

ಇಡೀ ಸಭೆಯಲ್ಲಿ ಗಣಿಯ ತೊಂದರೆ ಮತ್ತು ಪರಿಹಾರದ ಬಗ್ಗೆ ಬಂದ ಮೊದಲ ಸರಿಯಾದ ಮಾತು ಅದು. ಅಧಿಕಾರಿಗಳು ಅದನ್ನು ಬರೆದುಕೊಳ್ಳಲಿಲ್ಲ, ಎಮ್ಮೆ ವನ್ಯಜೀವಿ ಅಲ್ಲ ಅನ್ನುವ ಕಾರಣಕ್ಕೆ.

ನಾನು ಎದ್ದೆ. ಬಂಡೆಗೋಡೆಯ ಮೇಲೆ ಕೊಂಬಿನ ಗೂಬೆಯ ಗೂಡಿದೆ, ಮರಿಗಳಿವೆ, ನಿಮ್ಮ ವರದಿಯ ಕಲಮಿನ ಪ್ರಕಾರವೇ ಅದನ್ನು ಒಡೆಯುವಂತಿಲ್ಲ ಅಂತ ಒಂದೇ ಉಸಿರಿಗೆ ಹೇಳಿದೆ. ‘ಗೂಬೆ’ ಅನ್ನುವ ಮಾತು ಮೈಕಿನಲ್ಲಿ ಹೊರಟಾಗ ಹಿಂದೆ ನಾಲ್ಕೈದು ಜನ ಉಗುಳಿದ ಸದ್ದು ಕೇಳಿತು.

“ನೀವು ಈ ಊರಿನವರಾ?”

“ಅಲ್ಲ. ಬೈಲಹೊಂಗಲ.”

“ಊರಿನವರು ಯಾರಾದ್ರೂ ನೋಡಿದ್ದೀರಾ?”

ಕೊನೆಗೆ ಚಹಾದಂಗಡಿಯವರು ಎದ್ದು, “ಇಲ್ರೀ ಸಾಹೇಬ್ರ, ನಮ್ಮೂರಾಗ ಅಂಥಾದ್ದೇನಿಲ್ಲ,” ಅಂದರು. ತಲೆಗಳೆಲ್ಲ ಹೌದು ಹೌದು ಅಂತ ಅಲ್ಲಾಡಿದವು. ನಲ್ಲಿ ನೀರಿಗೆ, ಪಂಚಾಯ್ತಿ ಚುನಾವಣೆಗೆ ಎರಡು ಹೋಳಾಗಿದ್ದ ಊರು ಗೂಬೆ ಇಲ್ಲ ಅನ್ನುವುದಕ್ಕೆ ಒಂದಾಯಿತು. ಹೆಂಗಸರ ಸಾಲಿನಲ್ಲಿ ಅಕ್ಕ ಸೆರಗು ಹಣೆಯವರೆಗೆ ಎಳೆದುಕೊಂಡು ನೆಲ ನೋಡುತ್ತ ಕೂತಿದ್ದಳು. ನನಗೆ ಊರಿನ ಮೇಲೆ ಸಿಟ್ಟು ಬಂತು, ಅವಳ ಮೇಲೂ ಬಂತು.

ವರದಿ ಕಂಪನಿಯವನಿಗೆ ಜೀವ ಬಂದಂತಾಯಿತು. “ಆ ಬದಿಗೆ ಯಾವ ಮುಖ್ಯ ಪಕ್ಷಿಯೂ ಇಲ್ಲ ಸರ್. ಅನುಮತಿ ಸಿಕ್ಕರೆ ಶಿವರಾತ್ರಿ ಮುಗಿದ ಕೂಡಲೇ ಪರೀಕ್ಷಾ ಸ್ಫೋಟ ಮಾಡಬಹುದು,” ಅಂದ.

“ಶಿವರಾತ್ರಿಗೆ ಬ್ಯಾಡ್ರಿ.”

ಅಕ್ಕನ ದನಿ. ಎದ್ದು ನಿಂತಿದ್ದಳು. ಯಾರೋ ಮೈಕು ಅವಳ ಮುಂದೆ ಹಿಡಿದರು, ಅವಳು ಅದನ್ನು ಪಕ್ಕಕ್ಕೆ ಸರಿಸಿದಳು.

“ಯಾಕಮ್ಮ?”

“ಮರಿ ಅದಾವ್ರಿ. ಇನ್ನಾ ರೆಕ್ಕಿ ಬಂದಿಲ್ಲ.”

“ಯಾವುದರ ಮರಿ?”

“ಅದರದ್ರಿ.”

“ಅದು ಅಂದ್ರೆ ನಾನು ಏನಂತ ಬರ್ಕೊಳ್ಳಲಿ? ಹೆಸರು ಹೇಳಿ ತಾಯಿ.”

ಅಕ್ಕ ಮುಂದಿನ ಸಾಲಿನ ಸೋದರಮಾವನ ಕಡೆ ನೋಡಿದಳು. ಅವರು ಶಿರಾ ತಿನ್ನುವುದನ್ನು ನಿಲ್ಲಿಸಿದ್ದರು. ಪಕ್ಕದಲ್ಲಿ ಮಗಳು ಅವಳ ಸೀರೆಯ ನೆರಿಗೆ ಹಿಡಿದು ಕೂತಿದ್ದಳು, ಕೂಡಿಸಲಿಕ್ಕೆ ಹಿಡಿದಿದ್ದಳೋ ನಿಲ್ಲಲಿಕ್ಕೆ ಆಸರೆಯಾಗಿ ಹಿಡಿದಿದ್ದಳೋ ನನಗೆ ತಿಳಿಯಲಿಲ್ಲ.

“ಗೂಗಿ ರೀ,” ಅಂದಳು ಅಕ್ಕ. ಹೆಸರು ಒಮ್ಮೆ ಹೊರಬಿದ್ದ ಮೇಲೆ ಅವಳಿಗೆ ತಡೆ ಇರಲಿಲ್ಲ. “ನನ್ನ ಹೊಲದ ಮ್ಯಾಲ ಬಂಡಿಯೊಳಗ ಐತಿ. ನಾ ಈ ಮನಿಗೆ ನಡ್ಯಾಕ ಬಂದಾಗಿಂದ ಐತಿ. ದಿನಾ ಸಂಜೀಕ ಕೂಗತೈತಿ, ದಿನಾ ನಾ ಬೈತೇನಿ. ಮರಿ ಹಾರಿ ಹೋಗೂತನಾ ಬಂಡಿ ಮುಟ್ಟಬ್ಯಾಡ್ರಿ. ಅದನ್ನ ಹಾರಿಸಿ ಒಗದ್ರಿ ಅಂದ್ರ ನಾಳಿಂದ ನಾ ಯಾರಿಗೆ ಬೈಲಿ?”

ಅಧಿಕಾರಿಗಳು ಬರೆದುಕೊಂಡರು. ಇನ್ನು ಊರಿನವರೂ ಒಪ್ಪಿಯಾರು ಅಂತ ನಾನು ಕಾದೆ. ಚಹಾದಂಗಡಿಯವರು ಮತ್ತೆ ಎದ್ದು, “ಅದು ಅವರ ಹೊಲದ ಹದ್ದಿನಾಗ ಇದ್ದೀತ್ರಿ, ನಮ್ಮ ಹದ್ದಿಗೆ ಬರಂಗಿಲ್ಲ,” ಅಂದರು. ಪಕ್ಕದ ಹೊಲದವರೂ ತಮ್ಮ ಹದ್ದಿಗೆ ಬರುವುದಿಲ್ಲ ಅಂದರು. ಆ ಗೂಬೆ ಎಲ್ಲಿ ಹಾರಾಡಬಹುದು ಅನ್ನುವ ಸರಿಯಾದ ಗಡಿ ಅವತ್ತು ಗೊತ್ತಾಯಿತು. ಸೋದರಮಾವ ತಟ್ಟೆ ಕೆಳಗಿಟ್ಟು, ಚಹಾಕ್ಕೂ ನಿಲ್ಲದೆ ಗಾಡಿ ಹತ್ತಿದರು.

ಬಂಡೆ ಉಳಿಯಿತು. ಅನುಮತಿ ಕೊಡುವಾಗ ಆ ಗೋಡೆಯನ್ನು ಬಿಡಬೇಕು ಅಂತ ಷರತ್ತು ಹಾಕಿದರು. ತಿದ್ದಿದ ವರದಿಯಲ್ಲಿ ಕಲ್ಲಿದ್ದಲು ಇಲ್ಲ, ಆನೆ ಇಲ್ಲ, ಎಮ್ಮೆಗೆ ದಾರಿಯೂ ಇಲ್ಲ. ಗೂಬೆ ಸೇರಿದೆ. ಹುಲಿಯನ್ನು ತೆಗೆಯಲು ಯಾರಿಗೂ ನೆನಪಾಗಿಲ್ಲ.

ಸಂಪಗಾಂವದಿಂದ ಮಾತ್ರ ಸುದ್ದಿಯೇ ಬರಲಿಲ್ಲ. ನಾನು ಫೋನು ಮಾಡಿದರೆ ಅಕ್ಕ, “ಬಾರವಾ, ನಿನ್ನ ಗೂಗಿಗೆ ಬಾಸಿಂಗ ಕಟ್ಟೋಣು,” ಅಂದು ಇಟ್ಟುಬಿಟ್ಟಳು. ಹುಡುಗಿ ಹಿತ್ತಲಿಗೆ ಹೋಗುವುದನ್ನು ಬಿಟ್ಟಿದ್ದಾಳೆ ಅಂತ ಮಾಮಾ ಹೇಳಿದರು. ಎರಡು ಮರಿಗಳನ್ನು ಉಳಿಸಲು ಹೋಗಿ ಮನೆಯ ಹುಡುಗಿಯ ನಗುವನ್ನು ಕಿತ್ತುಕೊಂಡೆನೇ ಅಂತ ಪಾಠದ ನಡುವೆಯೂ ಅನ್ನಿಸುತ್ತಿತ್ತು.

ಯುಗಾದಿ ಹತ್ತಿರ ಬಂದಾಗ ಹುಡುಗನ ತಾಯಿಯೇ ಫೋನು ಮಾಡಿದರಂತೆ, ಬರುತ್ತೇವೆ ಅಂತ. ಯಾಕೆ ಅಂತ ಹೇಳಲಿಲ್ಲ. ಬೇಡ ಅನ್ನುವುದನ್ನು ಮುಖತಃ ಹೇಳುವ ದೊಡ್ಡ ಮನೆತನ ಅಂತ ಅಕ್ಕ ಲೆಕ್ಕ ಹಾಕಿದಳು. ನಾನೂ ಹೋದೆ. ಮಧ್ಯಾಹ್ನಕ್ಕೇ ಬರ್ರಿ ಅಂತ ಅಕ್ಕ ಗೋಗರೆದಿದ್ದಳು. ಅವರ ಕಾರು ಯರಗಟ್ಟಿಯಲ್ಲಿ ಪಂಕ್ಚರ್ ಆಗಿ, ಅಂಗಳಕ್ಕೆ ಬಂದು ನಿಂತದ್ದು ದೀಪ ಹಚ್ಚುವ ಹೊತ್ತಿಗೆ.

ಗಂಡಸರು ಪಡಸಾಲೆಯಲ್ಲಿ ಕೂತರು. ಹುಡುಗನ ತಾಯಿ ನೆಟ್ಟಗೆ ಅಡುಗೆಮನೆಗೆ ಬಂದು, ಮಣೆ ಎಳೆದುಕೊಂಡು, ಒಲೆಯ ಮುಂದೆ ಕೂತರು. ತುಸು ಹೊತ್ತು ಬಿಸಿಲಿನ ಮಾತಾಯಿತು. ಆಮೇಲೆ, “ಅಲ್ರೀ ಅಕ್ಕಾರ, ನಮ್ಮ ಹುಡುಗ ಫೋನ್ ಹಿಡಕೊಂಡ ಮಾರಿ ಸಣ್ಣದ ಮಾಡ್ಯಾನ. ನಿಮ್ಮ ಹುಡುಗಿ ಎತ್ತವಲ್ಲಳಂತ. ನಮ್ಮಣ್ಣ ಏನೇನೋ ಹೇಳಿದ. ನಾ ಕಿವಿಗೆ ಹಾಕೊಂಡಿಲ್ಲ. ಸೀರಿ ಹಸರದು ತರಬೇಕೋ ಕೆಂಪಂದು ತರಬೇಕೋ ನೀವ...”

ಬೂ... ಬೂ.

ಆ ಸಂಜೆ ಒಂದೇ ದನಿಯಲ್ಲ. ಹಾರಲು ಕಲಿತ ಮರಿಗಳೂ ಮಾಳಿಗೆಯ ಹತ್ತಿರವೇ ಎಲ್ಲೋ ಕೂತು ಬುಸ್ ಅನ್ನುತ್ತಿದ್ದವು. ಅಕ್ಕ ಹಿಟ್ಟಿನ ಕೈಯಲ್ಲಿ ಹಾಗೇ ಕೂತಳು. ಉಪ್ಪಿನ ಭರಣಿಯ ಕಡೆ ಹೊರಟ ಕೈ ಅರ್ಧಕ್ಕೆ ನಿಂತಿತು.

ಹುಡುಗನ ತಾಯಿ ಮಾತು ನಿಲ್ಲಿಸದೆಯೇ ಕೈಚಾಚಿ ಭರಣಿಯಿಂದ ಒಂದು ಚಿಟಿಕೆ ಉಪ್ಪು ತೆಗೆದರು. ಒಲೆಗೆ ಎಸೆದರು. ಉಪ್ಪು ಚಟಪಟ ಅಂದಾಗ ಗುಡ್ಡದ ಕಡೆ ಮುಖ ಮಾಡಿ, “ಹೋಗ, ನಿಮ್ಮಪ್ಪನ ಮನಿಗೆ ಹೋಗ!” ಅಂದು, ಕೈ ಝಾಡಿಸಿಕೊಂಡು, “...ನೀವ ಹೇಳ್ರಿ, ಹಸರದು ತರಲ್ಯಾ?” ಅಂತ ಮುಗಿಸಿದರು.

ಅಕ್ಕ ಅವರನ್ನೇ ನೋಡುತ್ತಿದ್ದಳು. ಬಾಗಿಲ ಹಿಂದೆ ಹುಡುಗಿ ಕಿಸಕ್ಕನೆ ನಕ್ಕಳು.

“ನಿಮ್ಮ ಸಂಪಗಾಂವದಾಗೂ ಐತೇನ್ರಿ?” ಅಂತ ನಾನು ಕೇಳಿದೆ.

“ಅಯ್ಯ, ಇಲ್ರೀ,” ಅಂದರು ಅವರು, ಉಪ್ಪಿನ ಭರಣಿಗೆ ಮುಚ್ಚಳ ಹಾಕುತ್ತ. “ನಮ್ಮೂರಾಗ ಅಂಥಾದ್ದೇನಿಲ್ಲ.”